ಹಸುಗಳ ಮನಸ್ಸು

ಚೆನ್ನಮಲ್ಲ ಹೊಳೆಯ ಕಡೆಯಿಂದ ಏದುಸಿರು ಬಿಡುತ್ತ ಆಶ್ರಮಕ್ಕೆ ಬಂದ. ಮುಖ ಮೊರದಗಲವಾಗಿತ್ತು.

“ಗುರುಗಳೇ, ಹಸುಗಳ ಮನಸ್ಸು ನನಗೆ ತಿಳಿದುಬಿಟ್ಟಿತು!”

ಸಿದ್ಧವೀರ ಗುರುಗಳು ಬತ್ತಿ ಹೊಸೆಯುತ್ತಿದ್ದರು. “ಏನು ತಿಳಿಯಿತಪ್ಪ?”

“ಪ್ರವಾಹ ಬರುವುದಿದ್ದರೆ ಹಸುವಿಗೆ ಮೊದಲೇ ಗೊತ್ತಾಗುತ್ತದೆ. ಅದು ನೀರಿಗೆ ಇಳಿಯುವುದೇ ಇಲ್ಲ. ಇಳಿಯಿತೆಂದರೆ ಹೊಳೆ ದಾಟಲು ಭಯವಿಲ್ಲ.”

“ಎಷ್ಟು ಸಲ ನೋಡಿದೆ?”

“ಎರಡು ಮಳೆಗಾಲ, ದಿನವೂ ನೋಡಿದ್ದೇನೆ. ಒಂದು ಸಲವೂ ತಪ್ಪಿಲ್ಲ.”

“ಎಷ್ಟು ಹಸುಗಳನ್ನು?”

ಚೆನ್ನಮಲ್ಲ ಪಿಳಿಪಿಳಿ ಕಣ್ಣು ಬಿಟ್ಟ. “ನಮ್ಮ ಕೆಂಪಿಯನ್ನು.”

“ಹಾಗಾದರೆ ನಿನಗೆ ತಿಳಿದದ್ದು ಕೆಂಪಿಯ ಮನಸ್ಸು.”

“ಹಸು ಅಂದರೆ ಹಸುವೇ ಅಲ್ಲವೇ? ಗೋವಳರಿಗೂ ಹೇಳಿಬಂದೆ. ಪಾಪ, ಹೋದ ವರ್ಷ ಅವರಲ್ಲೊಬ್ಬನನ್ನು ಹೊಳೆ ಎಳೆದುಕೊಂಡಿತ್ತು.”

ಗುರುಗಳ ಕೈಯಿಂದ ಬತ್ತಿ ಜಾರಿತು. “ನಡಿ, ಹೊಳೆ ದಾಟುವ ಕಡವಿಗೆ!”

ಗೋವಳರು ಹಸುಗಳ ಬಾಲ ಹಿಡಿದೇ ಆಚೆ ದಡಕ್ಕೆ ಹೋಗುವ ವಾಡಿಕೆ. ಮಂದೆ ಆಗಲೇ ಬಂದಿತ್ತು. ಅಷ್ಟು ಹಸುಗಳನ್ನು ಒಟ್ಟಿಗೆ ಕಣ್ಣಿಟ್ಟು ಚೆನ್ನಮಲ್ಲ ಎಂದೂ ನೋಡಿದವನಲ್ಲ.

ಒಂದು ನೀರು ಮೂಸಿ ಹಿಂದೆ ಸರಿಯಿತು. ಇನ್ನೊಂದು ಕಿವಿ ನಿಮಿರಿಸಿ ನೀರು ಬರುವ ದಿಕ್ಕನ್ನೇ ನೋಡುತ್ತ ನಿಂತಿತು. ಮುದಿ ಹಸುವೊಂದು ಹೊಳೆಗೆ ಬೆನ್ನು ತಿರುಗಿಸಿ ಮೆಲುಕು ಹಾಕುತ್ತಿತ್ತು. ಕೊಂಬು ಮುರಿದದ್ದು ಪಕ್ಕದ್ದನ್ನು ನೋಡಿ ಹೆಜ್ಜೆಯಿಟ್ಟಿತು; ಅದು ನಿಂತಾಗ ತಾನೂ ನಿಂತಿತು.

ಕಪ್ಪು ಹಸುವೊಂದು ಯಾವುದನ್ನೂ ಲೆಕ್ಕಿಸದೆ ಸೀದಾ ನೀರಿಗೆ ಇಳಿಯಿತು. ಅದರ ಬಾಲ ಹಿಡಿದಿದ್ದ ಗೋವಳ ಬೊಮ್ಮಯ್ಯನೂ ಇಳಿದ, ಬೆನ್ನಿಗೆ ಕಟ್ಟಿಕೊಂಡ ಮಗುವಿನ ಸಮೇತ.

ಚೆನ್ನಮಲ್ಲ ಓಡಿಹೋಗಿ ಅವನ ರಟ್ಟೆ ಹಿಡಿದ.

“ಬೇಡಪ್ಪ, ದಾಟಬೇಡ!”

“ಹಸು ಇಳಿದೈತಲ್ಲ ಬುದ್ಧಿ! ನೀವೇ ಹೇಳಿದ್ರಿ.”

“ಗೊತ್ತಿಲ್ಲದೆ ಹೇಳಿದೆ ಬೊಮ್ಮಯ್ಯ. ಬಾ ಮೇಲಕ್ಕೆ.”

ಅವರು ದಡ ಹತ್ತುವಷ್ಟರಲ್ಲಿ ಕೆಂಪು ನೀರು ಹೋ ಎಂದು ನುಗ್ಗಿ ಬಂತು. ಕಪ್ಪು ಹಸು ಅದರಲ್ಲೂ ತಲೆಯೆತ್ತಿ ಈಜಿತು. ಬಹಳ ಕೆಳಗೆ ದಡ ಸೇರಿ, ಏನೂ ಆಗಿಯೇ ಇಲ್ಲವೆಂಬಂತೆ ಹುಲ್ಲಿಗೆ ಬಾಯಿ ಹಾಕಿತು.

ಚೆನ್ನಮಲ್ಲನ ಮೈ ನವಿರೆದ್ದಿತು. ಇಷ್ಟು ದಿನ ಒಂದೇ ಎಂದುಕೊಂಡಿದ್ದನಲ್ಲ! ಒಂದೊಂದು ಹಣೆಯ ಹಿಂದೆಯೂ ಬೇರೆಯೇ ಒಂದು ಮನಸ್ಸಿತ್ತು. ಆ ಮಂದೆಗೆ ಕೈ ಮುಗಿಯಬೇಕೆನಿಸಿತು, ಮುಗಿದ.

“ಗುರುಗಳೇ, ಇನ್ನೆಷ್ಟು ಹಸುಗಳನ್ನು ನೋಡಿದರೆ ಹಸುವಿನ ಮನಸ್ಸು ತಿಳಿದೀತು?”

ಗುರುಗಳು ಒದ್ದೆಯಾದ ಮಗುವನ್ನು ತಮ್ಮ ಶಲ್ಯದಲ್ಲಿ ಸುತ್ತುತ್ತಿದ್ದರು.

“ಮೊದಲು ಆ ಕಪ್ಪು ಹಸುವಿನ ಹೆಸರೇನೆಂದು ಕೇಳಿಕೊಂಡು ಬಾ.”