ತಾಮ್ರದ ತಗಡಿನ ತಾಳ್ಮೆ

"ಲೋಕದಲ್ಲಿ ನನ್ನಷ್ಟು ತಾಳ್ಮೆಯವನು ಯಾರಿದ್ದಾನೆ?" ಎಂದು ಕಣಗಿಲೆಪುರದ ದೊರೆ ಬೊಮ್ಮರಸ ನಾಯಕ ಮೀಸೆ ತಿರುವಿದ. ಬೀಸಣಿಗೆ ಒಂದು ಗಳಿಗೆ ನಿಂತಿತೆಂದು ಬೀಸುವವನ ಕಪಾಳಕ್ಕೆ ಆಗಷ್ಟೇ ಬಿಗಿದಿದ್ದ. ಹಾಗಾಗಿ ಎಲ್ಲರೂ ಹೌದೌದೆಂದು ತಲೆಯಾಡಿಸಿದರು.

ದೊರೆಯ ಕೈಯಲ್ಲಿ ಹಾಲೆಂಡಿನ ಅಚ್ಚಿನ ಚಿತ್ರವೊಂದಿತ್ತು. ಯಾವನೋ ದಳಪತಿ. ಕಾಲಬಳಿ ಸಿಂಹ, ತಲೆಯ ಮೇಲೆ ರೆಕ್ಕೆಯ ಮಕ್ಕಳು, ಕೆಳಗೊಂದು ಧ್ಯೇಯವಾಕ್ಯ. ಅದನ್ನು ತಂದ ಕೆತ್ತನೆಗಾರ ಹೆಂಡ್ರಿಕ್ ಕೈಕಟ್ಟಿ ನಿಂತಿದ್ದ.

"ನನ್ನದೂ ಹೀಗೇ ಆಗಬೇಕು. ಬಲಗೈಯಲ್ಲಿ ಕತ್ತಿ, ತಾಳ್ಮೆಯ ಗುರುತಿಗೆ ಕಾಲಬಳಿ ಒಂದು ಆಮೆ. ಕೆಳಗೆ 'ತಾಳ್ಮೆಯೇ ನನ್ನ ಕಿರೀಟ' ಅಂತಿರಲಿ."

"ಆಮೆ ತಮ್ಮ ಕಾಲಿಗೆ ಕೊಂಚ ದೂರದಲ್ಲೇ ಇರಲಿ, ಪ್ರಭು. ಅದಕ್ಕೂ ಜೀವದಾಸೆ ಇರುತ್ತೆ," ಎಂದ ಆಸ್ಥಾನದ ಜಾಣ ತಿಪ್ಪರಸ.

ಹೆಂಡ್ರಿಕ್‌ಗೆ ಕನ್ನಡ ಅಕ್ಷರ ಬರೆದುಕೊಟ್ಟವನೂ, ಪಕ್ಕದಲ್ಲಿ ಕೂತು ಕೆತ್ತನೆ ನೋಡಿದವನೂ ತಿಪ್ಪರಸನೇ. ಕೊನೆಗೊಂದು ದಿನ ಚಿತ್ರ ಕೆತ್ತಿದ ತಾಮ್ರದ ತಗಡು ಸಭೆಗೆ ಬಂತು.

ದೊರೆ ನೋಡಿದವನೇ ಸಿಂಹಾಸನದಿಂದ ಹಾರಿ ನಿಂತ. "ಕತ್ತಿ ಎಡಗೈಯಲ್ಲಿ! ನಾನೇನು ಎಡಚನೇನೋ? ಅಕ್ಷರವೆಲ್ಲ ಉಲ್ಟಾ! ಕತ್ತರಿಸಿ ಇವನ ಹೆಬ್ಬೆರಳು!"

"ಕಾಗದ... ಕಾಗದ..." ಎಂದು ಹೆಂಡ್ರಿಕ್ ತನಗೆ ಬರುತ್ತಿದ್ದ ಅರೆಬರೆ ಕನ್ನಡದಲ್ಲಿ ತೊದಲಿದ. ಹೆಬ್ಬೆರಳು ಹೋದರೆ ಅವನ ಅನ್ನವೇ ಹೋದಂತೆ. ತಿಪ್ಪರಸ ಮುಂದೆ ಬಂದ.

"ಕತ್ತರಿಸೋಣ, ಪ್ರಭು. ಮೊದಲು ಬರೆದದ್ದನ್ನು ಓದಿಬಿಡಿ. ಯಾರಲ್ಲಿ, ಒಂದು ಕನ್ನಡಿ ತನ್ನಿ!"

ತಿಪ್ಪರಸ ಕನ್ನಡಿಯ ಮುಂದೆ ತಗಡು ಹಿಡಿದ. ಕತ್ತಿ ಬಲಗೈಗೆ ಬಂತು. ಅಕ್ಷರ ನೆಟ್ಟಗಾದವು.

"ಅಚ್ಚು ಒತ್ತಿದಾಗ ಕಾಗದದ ಮೇಲೂ ಹೀಗೇ ಬರುತ್ತೆ. ಅದಕ್ಕೇ ತಿರುಗಿಸಿ ಕೆತ್ತೋದು."

"ತಾಳ್ಮೆಯೇ ನನ್ನ ಕಿರೀಟ!" ಎಂದು ದೊರೆ ಗುಡುಗುತ್ತಲೇ ಓದಿದ. ತಪ್ಪು ತನ್ನದೆಂದು ಗೊತ್ತಾಗಿ ಸಿಟ್ಟು ಇನ್ನೂ ಏರಿತು. "ಮೊದಲೇ ಯಾಕೆ ಬೊಗಳಲಿಲ್ಲ? ಅದಕ್ಕಾದರೂ ಬೆರಳು ಹೋಗಲೇಬೇಕು!"

ತಿಪ್ಪರಸ ತಗಡನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಈಗ ಕನ್ನಡಿಯಲ್ಲಿ ದೊರೆಯೊಬ್ಬನೇ ಉಳಿದ. ಕೆಂಡದಂಥ ಕಣ್ಣು, ಅರಳಿದ ಮೂಗು. ಹಾರಿ ನಿಂತ ರಭಸಕ್ಕೆ ಕಿರೀಟ ಒಂದು ಕಿವಿಯ ಮೇಲೆ ಜಾರಿ ಕೂತಿತ್ತು.

"ತಗಡಿನಲ್ಲಿ ಉಲ್ಟಾ ಇದ್ದದ್ದನ್ನೆಲ್ಲ ಕನ್ನಡಿ ನೆಟ್ಟಗೆ ಮಾಡಿತು, ಪ್ರಭು. ಕಿರೀಟವೊಂದನ್ನು ಮಾತ್ರ ತಾವೇ ಮಾಡ್ಕೋಬೇಕು."

ದೊರೆ ಕನ್ನಡಿ ನೋಡಿದ, ಧ್ಯೇಯವಾಕ್ಯ ನೋಡಿದ. ಎರಡೂ ಕೈಯಿಂದ ಕಿರೀಟ ಸರಿಮಾಡಿಕೊಂಡು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ತನ್ನ ಕೈಯ ಚಿನ್ನದ ಕಡಗ ಬಿಚ್ಚಿ ಹೆಂಡ್ರಿಕ್‌ನ ಕೈಗೇ ತೊಡಿಸಿದ, ಹೆಬ್ಬೆರಳನ್ನು ಜೋಪಾನವಾಗಿ ದಾಟಿಸಿ.

ಬೀಸಣಿಗೆಯವನೂ ಮನಸಾರೆ ನಕ್ಕ. ಬೀಸಣಿಗೆಯನ್ನು ಮಾತ್ರ ನಿಲ್ಲಿಸಲಿಲ್ಲ.