ಜೋಡಿ ಜವರಮ್ಮ ಗಿಟಾರ್ ಪೆಟ್ಟಿಗೆಗೆ ಸಂಬಂಧ ನೋಡಿದ್ದು

ಹಿಂದೆ, ಬಲು ಹಿಂದೆ, ಇಸವಿ ಗಿಸವಿ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಕಂಬದಕಟ್ಟೆ ಅಂತ ಒಂದೂರಿತ್ತು. ಆ ಊರಲ್ಲಿ ಜವರಮ್ಮ ಅಂತ ಒಬ್ಬಳಿದ್ದಳು. ಗಂಡು ಹೆಣ್ಣು ಜೋಡಿ ಮಾಡೋದು ಅವಳ ಕಸುಬು, ಅದಕ್ಕೇ ಜೋಡಿ ಜವರಮ್ಮ. ಅವಳ ಎಲೆಯಡಿಕೆ ಚೀಲ ಬಿಚ್ಚದೆ ಸುತ್ತೂರಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲವಂತೆ. ಆ ಚೀಲದಿಂದ ಎರಡು ಮನೆಗೂ ಒಂದೊಂದು ಎಲೆ ಕೊಟ್ಟಳು ಅಂದರೆ ಮುಗೀತು, ಆ ಮಾತನ್ನು ಯಾರೂ ಮುರಿಯುತ್ತಿರಲಿಲ್ಲವಂತೆ.

ಇನ್ನು ಅವಳ ಸಂಸಾರ? ಅದನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ನೀವೇ ಕೆದಕುತ್ತೀರಿ. ಹಬ್ಬಕ್ಕೆ ಅಂತ ತವರಿಗೆ ಬಂದವಳು ಗಂಡನ ಮನೆಗೆ ತಿರುಗಿ ಹೋಗಲೇ ಇಲ್ಲವಂತೆ. ಕರೆಯೋಕೆ ಬಂದ ಗಂಡನನ್ನು ಒನಕೆ ಹಿಡಿದು ಊರಾಚೆ ತನಕ ಬೀಳ್ಕೊಟ್ಟು ಬಂದಳಂತೆ! ತನಗೆ ಗಂಡ ಬೇಡ, ಊರಿಗೆಲ್ಲ ಗಂಡ ಹುಡುಕುವವಳು. ಆದರೆ ಅದನ್ನು ಮುಖದ ಮೇಲೆ ಹೇಳೋ ಗಂಡಸು ಆ ಊರಲ್ಲಿ ಹುಟ್ಟಿರಲಿಲ್ಲ.

ಅವಳ ಲೆಕ್ಕ ಒಂದೇ. ಸಮಕ್ಕೆ ಸಮ. ಎತ್ತರದವನಿಗೆ ಎತ್ತರದವಳು, ಹೊಲ ಇದ್ದವನಿಗೆ ಹೊಲ ಇದ್ದವಳು, ಬಾಯಿ ಜೋರಿದ್ದವನಿಗೆ ಬಾಯಿ ಜೋರಿದ್ದವಳು. ತಕ್ಕಡಿಯಲ್ಲಿ ತೂಗಿದ ಹಾಗೆ. ಹೀಗೆ ತೂಗಿ ತೂಗಿ ಮೈಕ್‌ಸೆಟ್ ಅಂಗಡಿ ತಿಬ್ಬೇಗೌಡನಿಗೆ ಚಿಕ್ಕತಾಯಮ್ಮನನ್ನು ತಂದು ಕಟ್ಟಿದ್ದಳಂತೆ. ಅಯ್ಯಯ್ಯೋ ಆ ಮನೆ! ಗಂಡ ಒಂದು ಕೂಗಿದರೆ ಹೆಂಡತಿ ಅದೇ ಕೂಗು ಕೂಗೋಳು. ಮೈಕೇ ಬೇಕಿರಲಿಲ್ಲ, ಸೊಪ್ಪಿಗೆ ಉಪ್ಪು ಹೆಚ್ಚಾಯಿತು ಅನ್ನೋದು ಪಕ್ಕದೂರಿಗೂ ಗೊತ್ತಾಗೋದಂತೆ. ಅದಕ್ಕೇ ತಿಬ್ಬೇಗೌಡನಿಗೆ ಜವರಮ್ಮನನ್ನು ಕಂಡರೆ ಹೊಟ್ಟೆಯಲ್ಲಿ ಬೆಂಕಿ.

ಅದೇ ಊರಲ್ಲಿ ಚೌರಪ್ಪ ಅಂತ ಒಬ್ಬ. ಚರ್ಚು ಬೀದಿಯವನು, ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸೋನು. ಅವನ ಹತ್ತಿರ ಒಂದು ಪೆಟ್ಟಿಗೆ ಇತ್ತು. ದಿವಾಳಿ ಎದ್ದ ಸರ್ಕಸ್ಸಿನವರ ಬ್ಯಾಂಡಿನಿಂದ ಬಂದದ್ದಂತೆ, ಒಳಗೆ ಗಾಜಿನ ವಾಲ್ವು, ಮುಂದೆ ಬಟ್ಟೆಯ ಪರದೆ, ಪರದೆಯ ಹಿಂದೆ ಎರಡು ಸ್ಪೀಕರು. ಗಿಟಾರಿನ ತಂತಿ ಮುಟ್ಟಿದರೆ ಆ ಪೆಟ್ಟಿಗೆ ಕೂಗುತ್ತಿರಲಿಲ್ಲವಂತೆ, ಉಕ್ಕುತ್ತಿತ್ತಂತೆ, ಆಲೆಮನೆ ಕೊಪ್ಪರಿಗೆಯಲ್ಲಿ ಬೆಲ್ಲ ಉಕ್ಕಿದ ಹಾಗೆ. ಜೋರಾಗಿ ಬಾರಿಸಿದರೆ ಆ ಬೆಲ್ಲವೇ ಸ್ವಲ್ಪ ಸೀದ ಹಾಗೆ ಒಂದು ಒಗರು. ಆ ಒಗರಿಗೇ ಜನ ಸಾಯುತ್ತಿದ್ದರಂತೆ.

ಒಂದು ಆರತಕ್ಷತೆಯಲ್ಲಿ ಆ ಎರಡೂ ಸ್ಪೀಕರು ಪಟಾರಂತ ಹರಿದವು. ಇಲಿ ಕಚ್ಚಿತ್ತು ಅಂತ ಕೆಲವರು ಅಂತಾರೆ. ಇನ್ನು ಕೆಲವರು ಏನಂತಾರೆ ಗೊತ್ತಾ? ಅವತ್ತಿನ ಮದುಮಗಳು ಚೌರಪ್ಪನ ಹಳೇ ಗೆಣೆಕಾತಿ, ಅವಳು ತಲೆ ತಗ್ಗಿಸಿ ಎದುರು ಕೂತದ್ದು ಕಂಡು ಅವನು ದನಿ ಏರಿಸೋ ಗುಂಡಿಯನ್ನು ಪೂರ್ತಿ ತಿರುಗಿಸಿ ತನ್ನ ಸಂಕಟವನ್ನೆಲ್ಲ ತಂತಿಗೆ ಸುರಿದ, ಸ್ಪೀಕರಿನ ಕಾಗದದ ಕೋನು ಎಷ್ಟು ತಾನೇ ತಡೆದೀತು? ನಾನಲ್ಲ, ಊರು ಅನ್ನೋದು.

ಪೆಟ್ಟಿಗೆ ಮೂಕವಾಯಿತು. ಚೌರಪ್ಪ ಗಿಟಾರ್ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ಆಗ ತಿಬ್ಬೇಗೌಡ ಊಟದ ಪಂಕ್ತಿಗೆಲ್ಲ ಕೇಳೋ ಹಾಗೆ ಅಂದನಂತೆ:

"ಜವರವ್ವಾ, ಜಗತ್ತಲ್ಲಿ ನೀನು ಜೋಡಿ ಮಾಡದೆ ಇರೋದು ಯಾವುದೂ ಇಲ್ವಂತಲ್ಲ! ಈ ಪೆಟ್ಟಿಗೆಗೊಂದು ಸಂಬಂಧ ನೋಡು. ನನಗೆ ನೋಡಿದಂಗೆ ನೋಡಬ್ಯಾಡ ಮತ್ತೆ."

ಪಂಕ್ತಿ ಪಂಕ್ತಿಯೇ ನಕ್ಕಿತು. ಜವರಮ್ಮ ಬಾಯಲ್ಲಿದ್ದ ಎಲೆ ಉಗಿದು ಎದ್ದಳಂತೆ.

"ನೋಡ್ತೀನಿ ಕಣ್ಲಾ. ಬರೋ ವಾರ ಪಟೇಲರ ಮಗಳ ಆರತಕ್ಷತೆಗೆ ಈ ಪೆಟ್ಟಿಗೆ ಮೊದಲಿನಂಗೆ ಹಾಡದಿದ್ರೆ, ಈ ಚೀಲ ನಿನ್ನ ಅಂಗಡಿ ಮೊಳೆಗೆ ನೇತಾಕ್ತೀನಿ. ಆಮೇಲೆ ಯಾರ ಹೊಸ್ತಿಲೂ ತುಳಿಯಲ್ಲ."

ಅಂದುಬಿಟ್ಟಳು! ಗಂಡನನ್ನು ಬಿಟ್ಟು ಬಂದ ಹೆಂಗಸಿಗೆ ಅವತ್ತು ಊರಲ್ಲಿ ಮರ್ಯಾದೆ ಅಂತ ಇದ್ದದ್ದು ಆ ಚೀಲ ಒಂದೇ. ಅದು ಹೋದರೆ ಅವಳನ್ನು ಒಳಗೆ ಕರೆದು ಮಣೆ ಹಾಕೋರು ಯಾರು?

ಮಾರನೇ ಬೆಳಗ್ಗೆ ಚೌರಪ್ಪನ ಮನೆಗೆ ಹೋಗಿ, ಗಂಡಿನ ಮನೆ ನೋಡೋ ಹಾಗೆ ಪೆಟ್ಟಿಗೆ ಎದುರು ಕೂತಳಂತೆ. ಇದು ಎಷ್ಟು ಉಣ್ಣುತ್ತೆ, ಎಷ್ಟು ದುಡಿಯುತ್ತೆ, ಇದರ ಸಿಟ್ಟು ಎಂಥದ್ದು, ಎಲ್ಲ ಕೇಳಿದಳಂತೆ. ಇದಕ್ಕೆ ಬಹಳ ಶಕ್ತಿ ಇಲ್ಲ ಅತ್ತೆಮ್ಮ, ವಾಲ್ವು ಕಾದ ಮೇಲೆ ದನಿ ಬಿಡುತ್ತೆ, ಆದರೆ ಎರಡು ಸ್ಪೀಕರಿನ ಓಮು ಒಂದೇ ಇರಬೇಕು, ಅಂದರೆ ಕರೆಂಟನ್ನು ಎರಡೂ ಒಂದೇ ಸಮ ತಡೀಬೇಕು, ಹೆಚ್ಚುಕಮ್ಮಿ ಆದರೆ ಸುಟ್ಟುಹೋಗುತ್ತೆ ಅಂದ ಚೌರಪ್ಪ.

"ನಮ್ಮಲ್ಲಿ ಗೋತ್ರ ಬೆಡಗು ಒಂದೇ ಆದ್ರೆ ಅಣ್ಣತಂಗಿ, ಮದುವೆ ಇಲ್ಲ. ನಿಂದು ಬೆಡಗು ಒಂದೇ ಇರ್ಬೇಕಾ? ಉಲ್ಟಾ ಕುಲ ಕಣೋ ನಿನ್ನ ಪೆಟ್ಟಿಗೆ!" ಅಂತ ನಕ್ಕಳಂತೆ.

ಪೇಟೆಯ ಗುಜರಿ ಬೀದಿಗೆ ಹೋದಳು. ಬುಡೇನ್ ಸಾಬರ ಅಂಗಡಿ. ಸ್ಪೀಕರುಗಳನ್ನು ಸಾಲಾಗಿ ಕೂರಿಸಿ ಹೆಣ್ಣು ನೋಡಿದಳಂತೆ. ಬೆರಳಿನಿಂದ ಕೋನು ತಟ್ಟಿ ಕಿವಿ ಕೊಡೋಳು, ಮೂಸೋಳು, ಅಂಚು ಸವರೋಳು. ಒಂದಕ್ಕೆ, ಇವಳು ಮಾತಾಡೋಳಲ್ಲ, ಭಾಷಣ ಮಾಡೋಳು ಅಂದಳಂತೆ. ಇನ್ನೊಂದಕ್ಕೆ, ಇವಳಿಗೆ ಕೆಮ್ಮು ಅಂದಳಂತೆ. ತಟ್ಟಿದ ಕೂಡಲೇ ಯಾವುದು ಎಲ್ಲೆಲ್ಲಿ ಹಾಡಿ ಬಂದಿದೆ ಅಂತ ಹೇಳೋಳಂತೆ. ಅವಳು ಬೀದಿಗೆ ಕಾಲಿಟ್ಟರೆ ಸತ್ತ ಸ್ಪೀಕರೂ ಗುಂಯ್ ಅಂತಿತ್ತು ಅನ್ನೋರೂ ಇದ್ದಾರೆ. ಇರಲಿ ಬಿಡಿ.

ಕೊನೆಗೆ ಆರಿಸಿದ್ದು ಏನು? ಹೊಳೆಯೋ ಎರಡು ಹೊಸ ಸ್ಪೀಕರು, ಅವಳಿ ಜವಳಿ. ಒಂದೇ ಓಮು, ಒಂದೇ ತೂಕ, ಒಂದೇ ದಪ್ಪದ ಅಯಸ್ಕಾಂತ. ಸಮಕ್ಕೆ ಸಮ!

ತಿಬ್ಬೇಗೌಡನ ಅಂಗಡಿ ಮುಂದೆಯೇ ಪರೀಕ್ಷೆ ಆಯಿತು. ಊರೇ ನೆರೆಯಿತು. ಚೌರಪ್ಪ ತಂತಿ ಮುಟ್ಟಿದ. ಅಯ್ಯೋ, ಹಿತ್ತಾಳೆ ಪಾತ್ರೆ ಅಂಗಡಿ ಉರುಳಿಬಿತ್ತು ಅಂದುಕೊಳ್ಳಿ! ಜೋರಿಗೇನೋ ಜೋರು, ಆದರೆ ಬೆಲ್ಲ ಇಲ್ಲ, ಒಗರು ಇಲ್ಲ, ಬರೀ ಕಿರುಚು. ನಾಯಿಗಳು ಓಡಿದವಂತೆ. ತಿಬ್ಬೇಗೌಡ ಒಳಗೆ ಹೋಗಿ ಸುತ್ತಿಗೆ ತಂದು, ಎಲ್ಲರ ಎದುರು ಅಂಗಡಿ ಕಂಬಕ್ಕೆ ಒಂದು ಮೊಳೆ ಹೊಡೆದನಂತೆ.

"ಚೀಲಕ್ಕೆ ಜಾಗ ಮಾಡಿವ್ನಿ ಕಣವ್ವ."

ಜವರಮ್ಮ ಚೀಲ ಮಡಿಲಿಗೆ ಎಳೆದುಕೊಂಡು ಅಂಗಡಿ ಜಗಲಿಯ ಮೇಲೆ ಕುಕ್ಕರಿಸಿದಳಂತೆ. ಊರಿಗೆ ಅದೇ ಹಬ್ಬ. ಅಷ್ಟರಲ್ಲಿ ಒಳಮನೆಯಿಂದ ಚಿಕ್ಕತಾಯಮ್ಮ, ಕಂಬಕ್ಕೆ ಹೊಡೆಯೋ ಮೊಳೆ ನಿನ್ನ ಬಾಯಿಗೆ ಹೊಡ್ಕೋ ಅಂತ ಶುರು ಮಾಡಿದಳು. ಅವನೂ ಶುರು ಮಾಡಿದ. ಅವನು ಏರಿದಷ್ಟೂ ಅವಳು ಏರಿದಳು. ಒಂದೇ ಎತ್ತರ, ಒಂದೇ ದನಿ, ಒಂದೇ ಸಲ. ಯಾರು ಏನಂದರು ಅಂತ ಒಂದಕ್ಷರ ತಿಳಿಯದು, ಬರೀ ಕಿರುಚು.

ಜವರಮ್ಮ ತಲೆ ಎತ್ತಿದಳಂತೆ. ಒಳಗಿನ ಆ ಗಂಡಹೆಂಡಿರ ಕಡೆ ನೋಡಿದಳು, ಹೊರಗಿನ ಆ ಪೆಟ್ಟಿಗೆ ಕಡೆ ನೋಡಿದಳು. ಆಮೇಲೆ ಹಣೆ ಹಣೆ ಬಡಿದುಕೊಂಡು ನಗೋಕೆ ಶುರು ಮಾಡಿದಳಂತೆ.

"ಎರಡೂ ನಾನೇ ಮಾಡಿದ್ದು ಕಣ್ರೋ! ಎರಡೂ ಒಂದೇ ತಪ್ಪು!"

ಅಂದವಳೇ ಒಂದು ಸ್ಪೀಕರು ಬಿಚ್ಚಿಸಿ ಕಂಕುಳಲ್ಲಿಟ್ಟುಕೊಂಡು ಗುಜರಿ ಬೀದಿಗೆ ಓಡಿದಳಂತೆ, ಸೆರಗು ಒಂದು ಕಡೆ, ಚೀಲ ಒಂದು ಕಡೆ. ಬುಡೇನ್ ಸಾಬರ ಅಂಗಡಿ ಮೂಲೆಯಲ್ಲಿ ಒಂದು ಮುದಿ ಸ್ಪೀಕರು ಬಿದ್ದಿತ್ತು. ಯಾವುದೋ ಟೆಂಟ್ ಸಿನಿಮಾದಲ್ಲಿ ಊರೂರು ಅತ್ತು ನಕ್ಕು ಬಂದದ್ದು. ಕೋನು ಕಂದಿ ಹಂಚಿಕಡ್ಡಿ ಪೊರಕೆಯ ಬಣ್ಣ ಆಗಿತ್ತು, ಅಂಚು ಮೆತ್ತಗಾಗಿತ್ತು, ಅಯಸ್ಕಾಂತ ಸಣ್ಣದು. ಓಮು ಮಾತ್ರ ಅದೇ. ಜವರಮ್ಮ ತಟ್ಟಿದಳು. ಕೆಂಡದ ಮೇಲೆ ಕಾಫಿ ಗೊಣಗಿದ ಹಾಗೆ ಒಂದು ದನಿ ಬಂತಂತೆ. ಒಂದೇ ಇದ್ದರೆ ಇದು ಭಾರಕ್ಕೆ ಹರಿದುಹೋಗುತ್ತೆ ಅಂದರು ಸಾಬರು. ಒಂದೇ ಯಾಕಿರುತ್ತೆ ಅಂದಳು ಇವಳು. ಸಾಬರು ಕಾಸು ಬೇಡ ಅಂದರಂತೆ. ಯಾಕೆ ಬೇಡ ಅಂದರು ಅಂತ ಊರು ಒಂದು ವರ್ಷ ಮಾತಾಡಿತು, ನನಗೂ ಇವತ್ತಿನ ತನಕ ಕುತೂಹಲ ಇದೆ.

ಪಟೇಲರ ಮನೆ ಆರತಕ್ಷತೆ. ಚಪ್ಪರದ ತುಂಬ ಜನ. ಗಂಡು ಹೆಣ್ಣನ್ನು ನೋಡೋರು ಒಬ್ಬರಿಲ್ಲ, ಎಲ್ಲರ ಕಣ್ಣೂ ಪೆಟ್ಟಿಗೆ ಮೇಲೆ. ಪೆಟ್ಟಿಗೆಯೊಳಗೆ ಒಂದು ಕಡೆ ಹೊಸಬ, ಒಂದು ಕಡೆ ಮುದುಕಿ. ಥೂ, ಮೊಮ್ಮಗನಿಗೆ ಅಜ್ಜಿ ಕಟ್ಟಿದಳು ಅಂತ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರಂತೆ. ತಿಬ್ಬೇಗೌಡ ಅಂಗಡಿ ಕಂಬದಿಂದ ಕಿತ್ತ ಮೊಳೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದನಂತೆ, ಅಲ್ಲೇ ಚಪ್ಪರದ ಕಂಬಕ್ಕೆ ಹೊಡೆಯೋಣ ಅಂತ.

ಜವರಮ್ಮ ಚೀಲ ಬಿಚ್ಚಿದಳು. ಒಂದು ಎಳೆಯ ಎಲೆ ತೆಗೆದಳು, ಒಂದು ಹಳದಿ ತಿರುಗಿದ ಹಣ್ಣೆಲೆ ತೆಗೆದಳು, ಎರಡನ್ನೂ ಪೆಟ್ಟಿಗೆ ನೆತ್ತಿಯ ಮೇಲಿಟ್ಟಳು. "ಬಾರಿಸೋ ಚೌರಪ್ಪ" ಅಂದಳು.

ವಾಲ್ವು ಕೆಂಪಗೆ ಕಾದವು. ಚೌರಪ್ಪ ತಂತಿ ಎಳೆದ.

ಬಂತು ನೋಡಿ! ಮುದುಕಿ ಮೆಲ್ಲಗೆ ಎದೆಯಿಂದ ಎತ್ತಿದಳು, ಹೊಸಬ ಅದಕ್ಕೆ ಬೆನ್ನು ಕೊಟ್ಟ. ಅವಳು ಬಳಲೋ ಕಡೆ ಅವನು ಹಿಡಿದ, ಅವನು ಕಿರುಚೋ ಕಡೆ ಅವಳು ತೋಯಿಸಿದಳು. ಬೆಲ್ಲ ಉಕ್ಕಿತು, ಒಗರು ಬಂತು, ಮೊದಲಿಗಿಂತ ಹೆಚ್ಚೇ ಬಂತು ಅಂತಾರೆ. ಬಡಿಸೋರು ಹುಳಿ ಸೌಟು ಹಿಡಿದು ಹಾಗೇ ನಿಂತರಂತೆ. ಮದುಮಗ ಎದ್ದು ಕುಣಿದನಂತೆ. ಪೆಟ್ಟಿಗೆ ನಡುಕಕ್ಕೆ ಮೇಲಿದ್ದ ಎಲೆಗಳೂ ನಡುಗಿ, ಜರುಗಿ ಜರುಗಿ, ಒಂದರ ಮೇಲೊಂದು ಬಂದು ಕೂತವಂತೆ.

ತಿಬ್ಬೇಗೌಡ ಜೇಬಿಗೆ ಕೈ ಹಾಕಿ ನಿಂತೇ ಇದ್ದ. ಜವರಮ್ಮ ಅವನ ಹತ್ತಿರ ಹೋಗಿ, "ಮೊಳೆ ಇಲ್ಲಿ ಕೊಡಪ್ಪ. ನಿನ್ನ ಜೋಡೀನೂ ಸರಿ ಮಾಡ್ತೀನಿ" ಅಂದಳಂತೆ. ಹೆಂಡತಿಯ ಕೈಗೆ ಮೈಕು ಕೊಡು, ಗುಂಡಿ ನೀನು ತಿರುಗಿಸು, ಕೂಗೋದು ಒಬ್ಬರೇ ಅಂದಳಂತೆ. ಹೆಂಗಸು ಮೈಕು ಹಿಡಿಯೋದಾ ಅಂತ ಊರು ಬಾಯಿ ಬಡಿದುಕೊಂಡಿತು. ಆದರೆ ಮುಂದಿನ ಮದುವೆಗೆ ಚಿಕ್ಕತಾಯಮ್ಮ ಹಲೋ ಹಲೋ ಅಂದಾಗ ಊಟಕ್ಕೆ ಜನ ಓಡಿ ಬಂದರಂತೆ, ತಿಬ್ಬೇಗೌಡ ಗುಂಡಿ ತಿರುಗಿಸುತ್ತಾ ನಕ್ಕಿದ್ದನ್ನು ಕಣ್ಣಾರೆ ಕಂಡವರಿದ್ದರಂತೆ.

ಅಲ್ಲಿಂದ ಜವರಮ್ಮ ಸಮಕ್ಕೆ ಸಮ ಬಿಟ್ಟಳು. ಮಾತಿನಮಲ್ಲನಿಗೆ ಮೌನಿ, ಕುಳ್ಳನಿಗೆ ಉದ್ದದವಳು. ಚೌರಪ್ಪನಿಗೆ ಅವನಿಗಿಂತ ಹಿರಿಯಳು, ಅದೂ ಒಬ್ಬ ವಿಧವೆ! ಊರು ಉಗಿಯಿತು. ಆಮೇಲೆ ಅವರ ಮಗುವಿನ ನಾಮಕರಣಕ್ಕೆ ಮೊದಲ ಪಂಕ್ತಿಯಲ್ಲೇ ಕೂತು ಉಂಡಿತು.

ಈಗ ಜವರಮ್ಮನೂ ಇಲ್ಲ, ಆ ಪೆಟ್ಟಿಗೆ ಯಾರ ಮನೆ ಅಟ್ಟದಲ್ಲಿದೆಯೋ ಗೊತ್ತಿಲ್ಲ. ಆದರೆ ಕಂಬದಕಟ್ಟೆ ಕಡೆ ಮದುವೆಗೆ ಹೋದರೆ ನೋಡಿ. ಪೆಟ್ಟಿಗೆ ಎಷ್ಟೇ ದೊಡ್ಡದಿರಲಿ, ಅದರ ನೆತ್ತಿಯ ಮೇಲೆ ಒಂದು ಎಳೆಯ ಎಲೆ, ಒಂದು ಹಣ್ಣೆಲೆ ಇಡದೆ ಆರ್ಕೆಸ್ಟ್ರಾದವರು ತಂತಿ ಮುಟ್ಟೋದಿಲ್ಲ. ಎಲೆ ಜರುಗಿ ಒಂದನ್ನೊಂದು ಮುಟ್ಟುವ ತನಕ ಯಾರೂ ಊಟಕ್ಕೆ ಏಳೋದಿಲ್ಲ, ಹಸಿದ ಬೀಗರೂ ಕತ್ತು ಚಾಚಿ ಅದನ್ನೇ ನೋಡುತ್ತಾರೆ. ಎಲೆ ಇಡೋದು ಯಾವಾಗಲೂ ಮೈಕ್‌ಸೆಟ್ ಮನೆಯ ಹೆಂಗಸು. ಅವಳ ಗಂಡ ಪಕ್ಕದಲ್ಲಿ ಗುಂಡಿ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿರುತ್ತಾನೆ.