ಮಾವನ ಕಾರಿಗೆ ಬಿದ್ದ ನೆಗ್ಗು

ಸಾಕಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಕಾರು ಓಡಿಸೋದರಲ್ಲಿ ಅವನನ್ನು ಮೀರಿಸೋರಿಲ್ಲ. ಆದರೆ ಹೇಳಿದ ಮಾತನ್ನು ಹೇಳಿದ ಹಾಗೇ ಮಾಡೋ ಆಸಾಮಿ! "ಇವನನ್ನು ಕಟ್ಟಿಕೊಂಡು ಹೆಂಗಪ್ಪಾ ಏಗಲಿ!" ಅಂತ ಸಾಕಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ಮಗಳು ಚಂದ್ರಕಲಾಗೆ ಆಸ್ಪತ್ರೇಲಿ ಹೆರಿಗೆ ಆಯಿತು. ಬಾಣಂತಿಯನ್ನು ಮನೆಗೆ ಕರೆತರಲಿ ಅಂತ ಸಾಕಮ್ಮನ ತಮ್ಮ ಮರಿಸ್ವಾಮಿ ತನ್ನ ಹೊಸ ಕಾರು ಕೊಟ್ಟ. ಕೊಡುವಾಗ ಕಾರಿನ ಮೈ ಸವರಿ, "ಅಕ್ಕಾ, ಒಂದು ಗೀರೂ ಬೀಳಬಾರದು" ಅಂದ.

ಆಸ್ಪತ್ರೆ ಮುಂದೆ ಕಾರು ನಿಂತಿತು. "ಮಗಾ, ಯಾವಾಗ ಮನೆಗೆ ಕಳಿಸ್ತಾರೋ ಒಳಗೆ ಹೋಗಿ ಕೇಳಿ ಬರ್ತೀನಿ. ಕಾರಿನ ಮೇಲೆ ಕಣ್ಣಿಟ್ಟಿರು!"

"ಆಗಲವ್ವ!"

ಬೋರಲಿಂಗ ಬಗ್ಗಿದ. ಕಾರಿನ ಮೂತಿ ಮೇಲೆ ಒಂದು ಕಣ್ಣು ಒತ್ತಿ ಇಟ್ಟ. ಇಟ್ಟವನು ಇಟ್ಟೇ ಇದ್ದ. ಹಿಂದಿನಿಂದ ಯಾರದೋ ಗಾಡಿ ರಿವರ್ಸ್ ಬಂದು ಹಿಂದಿನ ಬಂಪರಿಗೆ ಗುದ್ದಿ ಹೋಯಿತು. ಸಾಕಮ್ಮ ಬಂದು ನೋಡಿದರೆ ಬಟ್ಟಲಿನಷ್ಟು ನೆಗ್ಗು!

"ಅಯ್ಯೋ! ಏನೋ ಇದು?"

"ಗೊತ್ತಿಲ್ಲವ್ವ. ನಾನಂತೂ ಕಣ್ಣು ತೆಗೀಲಿಲ್ಲ!"

"ನಿನ್ನ ಬುದ್ಧಿಗಿಷ್ಟು! ಇಷ್ಟೊಂದು ಗಾಡಿ ನಡುವೆ ನಿಲ್ಲಿಸಬಾರದು. ಅಕ್ಕಪಕ್ಕ ಒಂದೂ ಗಾಡಿ ಇಲ್ಲದ ಕಡೆ ನಿಲ್ಲಿಸಬೇಕು!"

"ಆಗಲವ್ವ!"

ಮಾರನೇ ದಿನ ಬಾಣಂತಿಯನ್ನು ಮನೆಗೆ ಕಳಿಸಿದರು. ಕೂಸನ್ನು ಎದೆಗವಚಿಕೊಂಡು ಚಂದ್ರಕಲಾ ಅವ್ವನ ಜೊತೆ ಆಸ್ಪತ್ರೆ ಬಾಗಿಲಲ್ಲಿ ನಿಂತಳು. ಕಾರೇ ಇಲ್ಲ! ಎಷ್ಟೋ ಹೊತ್ತಾದ ಮೇಲೆ ಬೋರಲಿಂಗ ಬೆವರು ಒರೆಸಿಕೊಂಡು ನಡೆದು ಬಂದ.

"ಬನ್ನಿ ಬನ್ನಿ! ಕೆರೆ ಏರಿ ದಾಟಿದರೆ ಒಂದು ಬಯಲು. ಅಲ್ಲಿ ಒಂದೂ ಗಾಡಿ ಇಲ್ಲ!"

"ಹಸಿ ಬಾಣಂತಿ ಕೆರೆ ಏರಿ ದಾಟ್ತಾಳೇನೋ? ತರೋ ಇಲ್ಲಿಗೆ! ಮನೆ ಹತ್ತಿರ ಗೋಡೆಗೆ ಒತ್ತಿ ನಿಲ್ಲಿಸು. ಆ ಕಡೆಯಿಂದ ಯಾರೂ ತಗುಲಿಸೋದಿಲ್ಲ!"

"ಆಗಲವ್ವ!"

ಮನೆ ಬಂತು. ಒಂದು ಗೋಡೆಗೆ ಒತ್ತಿದರೆ ಒಂದು ಕಡೆ ಕ್ಷೇಮ, ಎರಡಕ್ಕೆ ಒತ್ತಿದರೆ ಎರಡೂ ಕಡೆ ಕ್ಷೇಮ ಅಂದುಕೊಂಡ ಬೋರಲಿಂಗ, ಮನೆ ಪಕ್ಕದ ಸಂದಿಗೆ ಮೆಲ್ಲಗೆ ನುಗ್ಗಿಸಿದ. ಈ ಕಡೆ ತಮ್ಮ ಮನೆ ಗೋಡೆ, ಆ ಕಡೆ ಪಕ್ಕದ ಮನೆ ಗೋಡೆ. ಬಾಗಿಲು ತೆಗೆಯೋಕೆ ಬೆರಳಷ್ಟೂ ಜಾಗ ಇಲ್ಲ! ಕೂಸು ಕಿರುಚಿತು, ಬಾಣಂತಿ ಗೊಣಗಿದಳು. ಬೋರಲಿಂಗ ಮಾತ್ರ ನೆಮ್ಮದಿಯಾಗಿ, "ಇನ್ನು ಯಾರು ಗುದ್ದುತಾರೋ ನೋಡೇಬಿಡೋಣ!" ಅಂದ.

"ಹಿಂದಕ್ಕೆ ತೆಗಿಯೋ!"

ತೆಗೆದ. ಎಲ್ಲರೂ ಇಳಿದರು. ಸಾಕಮ್ಮನಿಗೆ ನೆಗ್ಗಿನದೇ ಚಿಂತೆ. ಎದುರುಮನೆಯವರು ಒಂದು ಉಪಾಯ ಹೇಳಿಕೊಟ್ಟರು. ಪ್ಲಾಸ್ಟಿಕ್ ಬಂಪರಲ್ಲವೇ, ಬಿಸಿಗೆ ಮೆತ್ತಗಾಗುತ್ತದಂತೆ.

"ಮಗಾ, ನೆಗ್ಗಿನ ಮೇಲೆ ಬಿಸಿನೀರು ಹುಯ್ಯಿ. ಆಮೇಲೆ ಒಳಗಿನಿಂದ ಜೋರಾಗಿ ತಳ್ಳು!"

"ಆಗಲವ್ವ!"

ಬಾಣಂತಿಗೆ, ಕೂಸಿಗೆ ಅಂತ ಹಂಡೆ ತುಂಬ ಕಾಯಿಸಿದ್ದ ನೀರನ್ನೆಲ್ಲ ತಂದು ಹುಯ್ದ. ಆಮೇಲೆ ಕಾರೊಳಗೆ ಕೂತು, ಬಾಗಿಲು ಹಾಕಿಕೊಂಡು, ಮುಂದಿನ ಸೀಟಿಗೆ ಎರಡೂ ಕಾಲು ಕೊಟ್ಟು ತಳ್ಳಿದ. ತಳ್ಳಿದ, ತಳ್ಳಿದ, ಮುಖ ಕೆಂಪಗಾಯಿತು.

"ಏನೋ ಮಾಡ್ತಿದ್ದೀ?"

"ಒಳಗಿನಿಂದ ತಳ್ತಾ ಇದ್ದೀನವ್ವ. ಕಾರು ಕದಲ್ತಾನೇ ಇಲ್ಲ!"

ಅಷ್ಟರಲ್ಲಿ ಫೋನು. ಮರಿಸ್ವಾಮಿ ಕಾರು ಒಯ್ಯೋಕೆ ಬಸ್ಸಿಳಿದು ಬರ್ತಾ ಇದ್ದಾನೆ! ಸಾಕಮ್ಮನಿಗೆ ಕೈ ತುಂಬ ಕೆಲಸ. ಬಾಣಂತಿಗೆ ಮತ್ತೆ ನೀರು ಕಾಯಿಸಬೇಕು, ತಮ್ಮನಿಗೆ ಕಾಫಿ ಕೊಟ್ಟು ಸಮಾಧಾನವಾಗಿ ವಿಷಯ ತಿಳಿಸಬೇಕು.

"ಮಗಾ, ನಿನ್ನ ಕಾಲಿಗೆ ಬೀಳ್ತೀನಿ. ನಾನು ಹೇಳೋವರೆಗೂ ಆ ನೆಗ್ಗು ನಿಮ್ಮಾವನ ಕಣ್ಣಿಗೆ ಬೀಳದ ಹಾಗೆ ನೋಡ್ಕೋ!"

"ಆಗಲವ್ವ!"

ಸಾಕಮ್ಮ ಒಲೆ ಹಚ್ಚಿದಳು, ಕಾಫಿ ಬೆರೆಸಿದಳು. ಲೋಟ ಹಿಡಿದು ಹೊರಗೆ ಬಂದವಳು ಹಾಗೇ ನಿಂತುಬಿಟ್ಟಳು.

ಮರಿಸ್ವಾಮಿ ಕಾರಿನ ಸ್ಟೀರಿಂಗ್ ಹಿಡಿದು ಕೂತಿದ್ದಾನೆ. ಅವನ ಎರಡು ಕಣ್ಣಿಗೂ ಬೋರಲಿಂಗ ಟವೆಲ್ ಬಿಗಿದು ಕಟ್ಟಿದ್ದಾನೆ!

"ಅಕ್ಕಾ! ಏನು ಹುಡುಗಾಟ ಇದು?" ಅಂತ ಮರಿಸ್ವಾಮಿ ಕತ್ತು ಆ ಕಡೆ ಈ ಕಡೆ ತಿರುಗಿಸಿದ.

ಬೋರಲಿಂಗ ಬಾಗಿಲು ಮೆತ್ತಗೆ ಹಾಕಿ, ಕಿಟಕಿಯಲ್ಲಿ ಬಗ್ಗಿ ಹೇಳಿದ: "ಬಿಚ್ಚಬೇಡಿ ಮಾವ! ಅವ್ವ ಇನ್ನೂ ಹೇಳಿಲ್ಲ. ಹಿಂಗೇ ಓಡಿಸಿಕೊಂಡು ಹೋಗಿ. ಹುಷಾರು, ಎಲ್ಲೂ ಗುದ್ದಬೇಡಿ!"